ಕೊನೆಯ ಪಂದ್ಯದ ರುಮಾಲು

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಆ ಪಂದ್ಯಾವಳಿಯಲ್ಲಿ ಏಕಾಂತಯ್ಯನವರ ಹುಡುಗರು ಸೋಲಿಗೆ ಎಷ್ಟು ಒಗ್ಗಿಹೋಗಿದ್ದರೆಂದರೆ, ಎದುರಾಳಿಗಳ ಮೊದಲ ಗೋಲಾದೊಡನೆ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿಯೇ ಕಾಣುತ್ತಿತ್ತು. ರಾಜಾಜಿನಗರದ ಆ ಕಾಲೇಜಿನಲ್ಲಿ ಏಕಾಂತಯ್ಯನವರು ಹಳಗನ್ನಡ ಕಲಿಸುವ ಅಧ್ಯಾಪಕರು. ಬೇರೆ ಯಾರೂ ಒಪ್ಪದ ಕಾರಣ ಫುಟ್‌ಬಾಲ್ ತಂಡದ ಹೊಣೆ ಅವರ ಹೆಗಲೇರಿತ್ತು. ಬಸವೇಶ್ವರನಗರದ ಕಡೆ ತಂಡವು ಅಭ್ಯಾಸ ಮಾಡುತ್ತಿದ್ದ ಬಯಲಿನಲ್ಲಿ ನಿವೇಶನದ ಕಲ್ಲುಗಳು ಒಂದೊಂದಾಗಿ ಏಳುತ್ತಿದ್ದವು. ಮಳೆಗಾಲದಲ್ಲಿ ಬಯಲಿನುದ್ದಕ್ಕೂ ಓಡುತ್ತಿದ್ದವರು ದೀಪಾವಳಿಯ ಹೊತ್ತಿಗೆ ಎರಡು ಅಡಿಪಾಯಗಳ ನಡುವಿನ ಸಂದಿಯಲ್ಲಿ ಚೆಂಡು ತಳ್ಳಾಡುತ್ತಿದ್ದರು.

ಈ ವರ್ಷವೂ ಕೊನೆಯ ಸ್ಥಾನವೇ ಆದರೆ ತಂಡವನ್ನು ಮುಚ್ಚುವುದಾಗಿ ಪ್ರಾಂಶುಪಾಲರು ಹೇಳಿಬಿಟ್ಟಿದ್ದರು. ಉಳಿದಿದ್ದುದು ಒಂದೇ ಪಂದ್ಯ. ಗೆಲ್ಲಬೇಕೆಂದೇನೂ ಇರಲಿಲ್ಲ, ಡ್ರಾ ಆದರೆ ಸಾಕು, ಕೊನೆಯ ಸ್ಥಾನ ತಪ್ಪಿ ತಂಡ ಉಳಿಯುತ್ತಿತ್ತು.

ಆ ಪಂದ್ಯ ನಾಯಂಡಹಳ್ಳಿಯ ಬಳಿಯ ಮೈದಾನದಲ್ಲಿ. ಆಟ ಮೊದಲಾಗುವ ಮುನ್ನ ರೆಫರಿ ನಂಜುಂಡಪ್ಪನವರು ಗೋಲ್‌ಕೀಪರ್ ಚನ್ನಮಲ್ಲಪ್ಪನ ಎದುರು ನಿಂತು, ಅವನ ಅಂಗಿಯೊಳಗಿನ ಉಬ್ಬನ್ನು ತೋರಿಸಿದರು.

"ಕರಡಿಗೆ ತಾನೇ? ತೆಗೆದಿಟ್ಟು ಬಾಪ್ಪ."

"ತೆಗಿಯಂಗಿಲ್ರಿ ಸರ."

ಗದಗಿನ ಕಡೆಯ ಆ ಹುಡುಗನ ಕೊರಳಲ್ಲಿದ್ದುದು ಬೆಳ್ಳಿಯ ಕರಡಿಗೆ; ಅದರೊಳಗೆ ದೀಕ್ಷೆಯ ದಿನ ಗುರುವು ಅಂಗೈಗಿತ್ತ ಇಷ್ಟಲಿಂಗ. ಪ್ರಾಣವಿರುವವರೆಗೂ ಅದು ಮೈಯಿಂದ ಅಗಲಬಾರದು. ಹಿಂದಿನ ಪಂದ್ಯಗಳಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಆದರೆ ಕಳೆದ ವಾರ ಚೆಂಡಿಗಾಗಿ ಅವನೊಡನೆ ಹಾರಿದ ಎದುರಾಳಿಯೊಬ್ಬನ ಹುಬ್ಬು ಆ ಬೆಳ್ಳಿಗೆ ತಗುಲಿ ಸೀಳಿಹೋಗಿತ್ತು.

ಏಕಾಂತಯ್ಯನವರು ಮುಂದೆ ಬಂದರು. "ಸ್ವಾಮಿ, ಅದೇನೆಂದು ತಮಗೆ ತಿಳಿಯದ್ದಲ್ಲ."

"ನನ್ನ ಎದೇಲೂ ಇದೆ ಸಾರ್," ಎಂದರು ನಂಜುಂಡಪ್ಪ. "ಆದ್ರೆ ನಾನು ಯಾರ ಮೇಲೂ ಹಾರಿ ಬೀಳಲ್ಲ. ಆ ಹುಡುಗನ ಹುಬ್ಬು ನೀವೂ ನೋಡಿದ್ರಲ್ಲ?"

ತಂಡದಲ್ಲಿ ಬೇರೊಬ್ಬ ಗೋಲ್‌ಕೀಪರ್ ಇರಲಿಲ್ಲ. ನಾಯಕ ಸೇತುರಾಮ ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದ. "ಲೋ ಚನ್ನ, ಸಾರ್ ಕೈಲಿ ಕೊಟ್ಟಿರೋ. ಅವರಿಗಿಂತ ಮಡಿವಂತರು ಬೇಕೇನೋ ನಿಂಗೆ?"

"ಇನ್ನೊಬ್ರ ಕೈಗೆ ಕೊಡೂದಲ್ಲಪಾ ಅದು. ಬೇಕಂದ್ರ ನಾ ಆಡಂಗಿಲ್ಲ."

ಏಕಾಂತಯ್ಯನವರು ಕಣ್ಣು ಮುಚ್ಚಿದರು. ಲಿಂಗಧಾರಣೆಗೆ ಹಿರಿಯರು ವಿಧಿಸಿದ ಸ್ಥಾನಗಳು ಒಂದೊಂದಾಗಿ ನೆನಪಿಗೆ ಬಂದವು. ಎದೆ, ಕೊರಳು ಎರಡನ್ನೂ ರೆಫರಿ ಒಪ್ಪುವುದಿಲ್ಲ. ಅಂಗೈ ಚೆಂಡು ಹಿಡಿಯಬೇಕು. ಕೈಯೆತ್ತಿ ಹಾರುವವನಿಗೆ ಕಂಕುಳು ಆಗದು. ನಾಭಿಯಿಂದ ಕೆಳಗೆ ಸರ್ವಥಾ ಸಲ್ಲದು. ಉಳಿದುದು ಶಿರಸ್ಸು. ಅದೇ ಉತ್ತಮಾಂಗ, ಎಲ್ಲಕ್ಕಿಂತ ಶ್ರೇಷ್ಠ! ಆ ಪಂದ್ಯಾವಳಿಯಲ್ಲಿ ಮೊದಲ ಬಾರಿಗೆ ತಮ್ಮ ವಿದ್ಯೆಯಿಂದ ತಂಡಕ್ಕೊಂದು ಉಪಕಾರವಾಯಿತೆಂದು ಅವರಿಗೆ ಅನ್ನಿಸಿತು.

ಅವರು ಹೇಳಿದಂತೆ ಚನ್ನಮಲ್ಲಪ್ಪ ಗೋಡೆಯ ಮರೆಗೆ ಹೋಗಿ, ಕೈತೊಳೆದು, ಲಿಂಗವನ್ನು ಕರಡಿಗೆಯಿಂದ ತೆಗೆದು ಮೆತ್ತನೆಯ ವಸ್ತ್ರದಲ್ಲಿ ಸುತ್ತಿ ನೆತ್ತಿಯ ಮೇಲೆ ತಾನೇ ಕಟ್ಟಿಕೊಂಡ. ಏಕಾಂತಯ್ಯನವರು ತಮ್ಮ ತಲೆಯ ಬಿಳಿಯ ರುಮಾಲನ್ನು ಬಿಚ್ಚಿ ಅದರ ಮೇಲೆ ದಪ್ಪವಾಗಿ ಸುತ್ತಿದರು. ನಂಜುಂಡಪ್ಪನವರು ಕಾಲಿನ ಬೂಟು ಬಿಚ್ಚಿಟ್ಟು ಬಂದು, ರುಮಾಲಿನ ಹೊರಮೈಯನ್ನಷ್ಟೇ ಬೆರಳ ತುದಿಯಿಂದ ಒತ್ತಿನೋಡಿ, "ಆಗಲಿ," ಎಂದರು.

"ಏನ್ ಗುರು, ಧಾರೆ ಎಷ್ಟೊತ್ತಿಗೆ?" ಎಂದು ಎದುರಾಳಿಗಳು ಕೂಗಿದರು.

"ನಿಮ್ ಅಕ್ಕನ್ನ ಕೇಳ್ರೋ," ಎಂದ ಸೇತುರಾಮ. ನಗಲು ಅವನಲ್ಲಿ ತ್ರಾಣವಿರಲಿಲ್ಲ.

ಆಟ ಬಿಸಿಲಿನಲ್ಲಿ ಎಳೆದಾಡಿತು. ಎರಡೂ ತಂಡಗಳು ದಣಿದಿದ್ದವು. ಚೆಂಡಿಗಿಂತ ಧೂಳೇ ಹೆಚ್ಚು ಓಡಾಡಿತು. ಆದರೂ ಚನ್ನಮಲ್ಲಪ್ಪ ಎಡಕ್ಕೆ ಬಿದ್ದು ಒಂದನ್ನು ತಡೆದ, ಬಲಕ್ಕೆ ಬಿದ್ದು ಇನ್ನೊಂದನ್ನು. ಪ್ರತಿ ಸಲವೂ ಏಳುವ ಮುನ್ನ ಅವನ ಕೈ ರುಮಾಲಿಗೆ ಹೋಗುತ್ತಿತ್ತು. ಆಟ ಮುಗಿಯುತ್ತ ಬಂದರೂ ಯಾರೂ ಗೋಲು ಹೊಡೆದಿರಲಿಲ್ಲ. ತಂಡ ಉಳಿಯಿತೆಂದು ಏಕಾಂತಯ್ಯನವರ ಮನಸ್ಸು ಮೆಲ್ಲನೆ ನಂಬತೊಡಗಿತು.

ಆಗ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಮೂಲೆಯಿಂದ ಬಂದ ಚೆಂಡನ್ನು ಚನ್ನಮಲ್ಲಪ್ಪ ಗುದ್ದಿ ದೂಡಿದ. ಅದು ಸಮೀಪದಲ್ಲೇ ನಿಂತಿದ್ದ ಎದುರಾಳಿಯ ಕಾಲಿಗೆ ಸಿಕ್ಕಿ, ನೇರವಾಗಿ ಚನ್ನಮಲ್ಲಪ್ಪನ ಹಣೆಯ ಮಟ್ಟಕ್ಕೆ ಹಾರಿಬಂತು. ಕೈಯೆತ್ತಲು ಹೊತ್ತಿರಲಿಲ್ಲ. ಸುಮ್ಮನೆ ನಿಂತಿದ್ದರೂ ಚೆಂಡು ತಲೆಗೆ ಬಡಿದು ಹಿಂದಿರುಗುತ್ತಿತ್ತು.

ಚನ್ನಮಲ್ಲಪ್ಪ ಬಗ್ಗಿದ. ಚೆಂಡು ಬಲೆಗೆ ಬಿತ್ತು.

ಅದಾದ ಸ್ವಲ್ಪ ಹೊತ್ತಿಗೆ ಕೊನೆಯ ಸೀಟಿ. ಸೇತುರಾಮ ಗೋಲಿನ ಬಳಿಗೆ ನಡೆದು ಬಂದ.

"ತಲೆ ಕೊಟ್ಟಿದ್ರೆ ಸಾಕಾಗಿತ್ತಲ್ಲೋ."

ಚನ್ನಮಲ್ಲಪ್ಪ ಮಂಡಿಯೂರಿ ಕುಳಿತೇ ಇದ್ದ. "ನಂದಾಗಿದ್ರ ಕೊಡ್ತಿದ್ನಿ."

"ನೀವೇ ಹೇಳಿ ಸಾರ್. ಇವನು ಬಗ್ಗಿದ್ದು ಸರಿಯಾ?" ಎಂದ ಸೇತುರಾಮ, ಹತ್ತಿರ ಬಂದ ಏಕಾಂತಯ್ಯನವರತ್ತ ತಿರುಗಿ.

ಚೆಂಡು ಬಲೆಗೆ ಬಿದ್ದ ಆ ಕ್ಷಣದಲ್ಲಿ, ದುಃಖವು ಬರುವುದಕ್ಕೂ ಮುಂಚೆ, ಅದು ರುಮಾಲನ್ನು ಸೋಕಲಿಲ್ಲವೆಂದು ಅವರ ಉಸಿರು ಹಗುರಾಗಿತ್ತು.

"ಅಲ್ಲಿ ಕಟ್ಟಿಸಿದವನು ನಾನು, ಸೇತು. ಶ್ರೇಷ್ಠವಾದ ಸ್ಥಾನ ಯಾವುದೆಂದು ಯೋಚಿಸಿದೆ. ಚೆಂಡು ಎಲ್ಲಿಗೆ ಬರುತ್ತದೆಂದು ಯೋಚಿಸಲಿಲ್ಲ. ಅವನು ಬಗ್ಗದೆ ನಿಂತಿದ್ದರೆ ತಂಡ ಉಳಿಯುತ್ತಿತ್ತು. ನಾನು ಮಾತ್ರ ಅವನನ್ನು ಮತ್ತೆ ಮಾತನಾಡಿಸುತ್ತಿದ್ದೆನೋ ಇಲ್ಲವೋ."

"ನಾಳೆ ಪ್ರಿನ್ಸಿಪಾಲ್ರಿಗೆ ಏನ್ ಹೇಳ್ತೀರಿ?"

"ಸೋತೆವು ಎನ್ನುತ್ತೇನೆ. ಅವರು ಅಷ್ಟನ್ನೇ ಕೇಳುತ್ತಾರೆ."

ಸೇತುರಾಮ ಚನ್ನಮಲ್ಲಪ್ಪನ ತೋಳು ಹಿಡಿದು ಎಬ್ಬಿಸಿದ. ಅವನ ತಲೆಗೆ ತನ್ನ ಕೈ ತಾಗದಂತೆ, ತುಸು ದೂರದಿಂದ. ಮೈಸೂರು ರಸ್ತೆಯ ಬಸ್ಸು ತುಂಬಿ ಬಂದಿತು. ಎಲ್ಲರೂ ನಿಂತೇ ಊರಿಗೆ ಹೊರಟರು.