ನೀರಿಗೂ ಬಂದ ಕ್ಷಯ

ಮತ್ತೆ ಆ ವಾಸನೆ, ಫಿನಾಯಿಲ್ ಹಾಕಿ ಒರೆಸಿದರೂ ಹೋಗದ ಕಫದ ವಾಸನೆ, ಅಂಧೇರಿಯಲ್ಲಿ ಲೋಕಲ್ ಟ್ರೇನ್ ಇಳಿಯುವಾಗ ಮುಖಕ್ಕೆ ಉಜ್ಜುವ ಬೆವರೇ ಇದಕ್ಕಿಂತ ವಾಸಿ — ಲ್ಯಾಬಿನ ಕತ್ತಲೆ ಕೋಣೆಯಲ್ಲಿ ನೇರಳೆ ದೀಪ ಹಾಕಿದ್ದೇನೆ, ಜೆಲ್ಲಿನ ಮೇಲೆ ಕ್ಷಯದ ರೋಗಾಣು ಇದ್ದರೆ ಮೂಡುವ ಗೆರೆಗಳು ಹೊಳೆಯುತ್ತಿವೆ, ಎಲ್ಲ ರೋಗಿಗಳ ಸಾಲಿನಲ್ಲೂ, ಕಡೆಯ ಸಾಲಿನಲ್ಲೂ, ಅಲ್ಲಿ ನಾನು ಹಾಕಿದ್ದು ಬರೀ ನೀರು, ಅದು ಕಪ್ಪಾಗಿಯೇ ಇರಬೇಕು, ನೀರಿನಲ್ಲೂ ರೋಗಾಣು ಕಂಡಿತೆಂದರೆ ಪರೀಕ್ಷೆಯೇ ಕೆಟ್ಟಿದೆ, ಕೆಡದೆ ಇನ್ನೇನು, ಡಾಕ್ಟರ್ ಜಯಸಿಂಹ ರೋಗಾಣುವಿನ ಜೀನಿನ ಪ್ರತಿಗಳನ್ನು ಕೋಟಿಗಟ್ಟಲೆ ಬೆಳೆಸಿದ ಟ್ಯೂಬು ತೆರೆಯುವುದೂ ಹೊಸ ಕಫ ಬಿಚ್ಚುವುದೂ ಒಂದೇ ಮೇಜಿನ ಮೇಲೆ, ಹನಿ ಹೀರುವ ಒಂದೇ ಪಿಪೆಟ್ಟಿನಲ್ಲಿ, ಎಂಜಲು ಕೈಯಲ್ಲಿ ಬಡಿಸಿದ ಹಾಗೆ, ತಮ್ಮ ಊಟದ ಡಬ್ಬಿ ಮಾತ್ರ ಯಾರೂ ಮುಟ್ಟಕೂಡದು, ಮಡಿಯಂತೆ, ಥೂ — ತೋರಿಸಿದರೆ ನಗುತ್ತಾರೆ, ಏನಮ್ಮಾ ಅಲಮೇಲು, ನೀರಿಗೂ ಕ್ಷಯ ಬಂತಾ, ಅದಕ್ಕೂ ಒಂದು ಹಾಸಿಗೆ ಕೊಡಿಸೋಣ ಬಿಡು, ಜೆಲ್ಲಿನ ಫೋಟೊದಲ್ಲಿ ಆ ಸಾಲು ಕತ್ತರಿಸಿಹಾಕು, ಬೊಂಬಾಯಲ್ಲಿ ಯಾರಿಗಿಲ್ಲ ಕ್ಷಯ — ಹಲ್ಲಿನ ಸಂದಿಯಲ್ಲಿ ಮೊಸರನ್ನದ ಅಗುಳು, ಕತ್ತರಿ ನನ್ನತ್ತ ಜಾರಿಸುತ್ತಾರೆ, ನಾನು ಮುಟ್ಟುವುದಿಲ್ಲ, ಬಾಗಿಲು ತಳ್ಳುತ್ತೇನೆ, ಬೆಳಕು, ಬೆಂಚಿನ ಮೇಲೆ ಲಕ್ಷ್ಮವ್ವ, ಮಲಾಡಿನ ಬಿಲ್ಡಿಂಗ್ ಕೆಲಸದಲ್ಲಿ ಬುಟ್ಟಿ ಹೊರುವವಳು, ಕೆಮ್ಮು ಬಿಡಲಿಲ್ಲವೆಂದು ಬಂದಿದ್ದಳು, ಕ್ಷಯ ಎಂದು ಹೋದ ವಾರ ನಾವೇ ಬರೆದುಕೊಟ್ಟೆವು, ಅವತ್ತೇ ಅತ್ತೆ ಮೊಲೆಗೂಸನ್ನು ಕಿತ್ತುಕೊಂಡಳಂತೆ, ಇವಳ ಚಾಪೆ ಚಾಳಿನ ಪ್ಯಾಸೇಜಿಗೆ ಬಂತಂತೆ, ಬಾಟ್ಲಿ ಹಾಲ ಒಲ್ಲೆ ಅಂತೈತ್ರಿ ಬಾಯಾರ, ರಾತ್ರಿಯೆಲ್ಲಾ ಗ್ವಾಡಿ ಆಚೆಯಿಂದ ಅಳೋದು ಕೇಳ್ತದ, ಅಂತ ಬೆಳಿಗ್ಗೆ ಇನ್ನೊಮ್ಮೆ ಕಫ ಕೊಡುವಾಗ ಹೇಳಿದಳು, ಆ ಕಫವೂ ಅದೇ ಮೇಜಿಗೆ ಹೋಯಿತು — ಲಕ್ಷ್ಮವ್ವಾ, ನಮ್ಮ ರಿಪೋರ್ಟ್ ನಂಬಬೇಡ, ಅದು ತಪ್ಪು, ತಪ್ಪು ನಮ್ಮದು, ನನ್ನ ದನಿ ಇಷ್ಟು ದೊಡ್ಡದೇ, ಹಿಂದಿನಿಂದ ಡಾಕ್ಟರು ಗದರುತ್ತಿದ್ದಾರೆ, ಅಲಮೇಲೂ, ಒಳಗೆ ಬಾ — ಅವಳು ಎದ್ದು ನಿಂತಿದ್ದಾಳೆ, ಹಂಗಾರ ನಂಗ ಜಡ್ಡಿಲ್ಲೇನ್ರಿ ಬಾಯಾರ, ಕೂಸಿಗೆ ಹಾಲ ಕುಡಿಸ್ಲೇನ್ರಿ, ಹೂಂ ಅನ್ನಲೇ, ಬೇಡ ಅನ್ನಲೇ, ನೀರಿನಲ್ಲೂ ಹೊಳೆದ ಗೆರೆ ಇವಳಿಗೆ ರೋಗವಿದೆ ಎನ್ನುವುದಿಲ್ಲ, ಇಲ್ಲ ಎಂದೂ ಅನ್ನುವುದಿಲ್ಲ, ನಮಗೆ ಏನೂ ಗೊತ್ತಿಲ್ಲ, ಇಷ್ಟೆಲ್ಲ ಮಾಡಿ ಏನೂ ಗೊತ್ತಿಲ್ಲ, ಹೇಳ್ರೀ ಬಾಯಾರ, ಕುಪ್ಪಸದ ಮೇಲೆ ಎರಡು ಒದ್ದೆ ಕಲೆ, ಸೆರಗು ಎಳೆದು ಮುಚ್ಚುತ್ತಾಳೆ, ಸೆರಗೂ ಒದ್ದೆಯಾಗುತ್ತದೆ, ಹೇಳ್ರೀ, ಹರಡುತ್ತಿದೆ, ಒದ್ದೆ, ಹೇಳ್ರೀ, ಒದ್ದೆ —