ಹಕ್ಸು ಅಣ್ಣನ ಚಿನ್ನದ ಕತ್ತಿಗಳು

ನಾವಾಡುವ ಫೋನಿನ ಆಟದಲ್ಲಿ, ದುಡ್ಡು ಕಟ್ಟಿ ತೆರೆಯುವ ಪೆಟ್ಟಿಗೆಯಲ್ಲಿ ಚಿನ್ನದ ಕತ್ತಿ ಸಿಗುವುದು ಸಾವಿರಕ್ಕೊಂದು ಸಲ. ಈ ಲೆಕ್ಕ ತೋರಿಸಲೇಬೇಕೆಂಬ ಕಾನೂನು ಬಂದ ಮೇಲೆ ಆಟದ ಕಂಪನಿಯೇ ಅದನ್ನು ಪರದೆಯ ಮೇಲೆ ಬರೆದು ಹಾಕಿದೆ. ನಾನಂತೂ ನಂಬಿದವನಲ್ಲ. ಪೆಟ್ಟಿಗೆ ಮಾರುವವನೇ ಲೆಕ್ಕವನ್ನೂ ಹೇಳಿದರೆ ಹೇಗೆ ನಂಬುವುದು?

ಅದರಲ್ಲೂ ಆಟದಲ್ಲಿ ಜೊತೆಗೂಡಿ ಕಾದಾಡುವ ನಮ್ಮ ದಂಡಿನ ಹಕ್ಸು ಅಣ್ಣನಿಗೆ ಕತ್ತಿಯ ಮೇಲೆ ಕತ್ತಿ. ಯಾರಿಗೆ ಕತ್ತಿ ಸಿಕ್ಕರೂ ಆಟ ಎಲ್ಲರ ಫೋನಿನಲ್ಲಿ ಡಂಗುರ ಸಾರುತ್ತದೆ, ಬರಿಗೈಯಾದರೆ ಸದ್ದಿಲ್ಲ. ನಾವೆಲ್ಲ ಅದೃಷ್ಟದ ಜಾಗವೆಂದು ಆಟದೊಳಗಿನ ಪಾಳು ಹೆಬ್ಬಾಗಿಲಿನ ಕೆಳಗೇ ನಿಂತು ಪೆಟ್ಟಿಗೆ ತೆರೆಯುತ್ತಿದ್ದೆವು. ಅವನು ಎಲ್ಲಿ ನಿಂತರೂ ಡಂಗುರವೇ. ನನಗೆ ಹೊಟ್ಟೆ ಉರಿಯುತ್ತಿತ್ತು. ನಮಗೆ ಆಸೆ ಹಚ್ಚಲು ಕಂಪನಿಯೇ ಬಿಟ್ಟಿರುವ ಆಳು ಇವನು ಎಂದು ಎಲ್ಲರ ಕಿವಿಯಲ್ಲೂ ಊದಿದೆ.

ಇಂಚಾನ್‌ನ ಹಂದಿಮಾಂಸದ ಹೋಟೆಲಿನಲ್ಲಿ ದಂಡಿನವರ ಊಟವಿತ್ತು. ಹಕ್ಸು ತನ್ನ ಹೆಂಡತಿ ಮಿರಾನ್‌ಳನ್ನೂ ಕರೆತಂದಿದ್ದ. ಸೋಜು ಸಾರಾಯಿ ಒಂದು ಸುತ್ತು ಇಳಿದ ಮೇಲೆ ನಾನು ಕೆಣಕಿದೆ.

"ಅಣ್ಣಾ, ನಮ್ಮೆದುರಿಗೇ ದುಡ್ಡು ಕಟ್ಟಿ ಒಂದು ಪೆಟ್ಟಿಗೆ ತೆಗಿ ನೋಡೋಣ. ಕಂಪನಿಯೋರಿಗಾದ್ರೆ ಪುಕ್ಕಟೆ ಬರುತ್ತಂತಲ್ಲ!"

"ಊಟ ಮಾಡೋ ಸುಮ್ನೆ. ಮಾಂಸ ಸೀದು ಹೋಗ್ತಿದೆ," ಎಂದು ಹಕ್ಸು ಮೇಜಿನ ನಡುವಿನ ಒಲೆ ತೋರಿಸಿದ.

"ಯಾಕಣ್ಣಾ, ಕೈ ನಡುಗ್ತಾ ಇದ್ಯಾ?"

ಮಿರಾನ್‌ಗೆ ರೇಗಿತು. "ತೋರಿಸ್ಬಿಡ್ರೀ ಅತ್ಲಾಗೆ! ನಮ್ಮೋರು ಇಷ್ಟು ದಿನ ಆಟಕ್ಕೆ ಬಿಡಿಗಾಸು ಹಾಕಿಲ್ಲ. ಎಲ್ಲಾ ಅವರ ಅದೃಷ್ಟ. ಇವತ್ತೊಂದು ದಿನ ಕಟ್ಲಿ, ಏನಾಗುತ್ತೆ?"

"ಕೇಳಿದ್ರಾ, ಬಿಡಿಗಾಸೂ ಇಲ್ವಂತೆ!" ಎಂದು ನಾನು ಮೇಜು ಕುಟ್ಟಿದೆ.

ಹಕ್ಸು ಫೋನು ತೆಗೆದು ಒತ್ತಿದ. ನಾನು ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ. ಪರದೆ ನಮ್ಮಿಬ್ಬರಿಗೆ ಮಾತ್ರ ಕಾಣುತ್ತಿತ್ತು. ಕಾರ್ಡಿನ ಮಿತಿ ಮುಗಿದಿದೆ ಎಂದು ಬಂತು. ಇನ್ನೊಂದು ಕಾರ್ಡು ಹಾಕಿದ, ಅದೂ ಮುಗಿದಿತ್ತು. ಮೂರನೆಯದು ಮಿರಾನ್‌ಳ ಹೆಸರಿನಲ್ಲಿತ್ತು. ಅದೂ ಖಾಲಿ.

ಕಂಪನಿ ಬರೆದ ಲೆಕ್ಕ ಸರಿಯಾಗಿಯೇ ಇತ್ತು. ಒಂದೊಂದು ಡಂಗುರದ ಹಿಂದೆ ಅವನು ದುಡ್ಡು ಕಟ್ಟಿ ಸದ್ದಿಲ್ಲದೆ ತೆರೆದ ಸಾವಿರ ಪೆಟ್ಟಿಗೆಗಳಿದ್ದವು.

ಹಕ್ಸು ಫೋನನ್ನು ಮಗುಚಿ ಇಟ್ಟ. ಹೆಂಡತಿಯ ಕಡೆ ನೋಡದೆ, "ಹೌದು ಕಣ್ರೋ, ನಾನು ಕಂಪನಿಯೋನೇ," ಎಂದ.

ದಂಡು ಭುಗಿಲೆದ್ದಿತು. ಕಳ್ಳ, ದ್ರೋಹಿ, ನಾಚಿಕೆಗೆಟ್ಟವನು ಎಂದು ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ ಎಲ್ಲವನ್ನೂ ನುಂಗಿದ. ಬೆಂಕಿ ಹಚ್ಚಿದ ನಾನೊಬ್ಬ ಮಾತ್ರ ಬಾಯಿ ಬಿಡಲಿಲ್ಲ. ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಗಲಾಟೆ ತಣ್ಣಗಾಯಿತು. ಮಿರಾನ್ ಗಂಡನ ತೋಳು ಮುಟ್ಟಿ ಮೆಲ್ಲಗೆ ಕೇಳಿದಳು:

"ಕಂಪನಿಯೋರು ಅಂದ್ಮೇಲೆ ಸಂಬಳ ಕೊಡ್ತಾರಲ್ಲ. ಅದೆಲ್ರೀ?"