ಎರಡನೇ ಹೊಲ

"ಉಷಾರು ಕಣ್ಲಾ, ಬಾಗ್ಲಿಗೆ ತಗಲೀತು!"

ಒಳಕೋಣೆಯಿಂದ ಇಬ್ಬರು ಏದುಸಿರು ಬಿಡುತ್ತ ಚೆಲುವಯ್ಯನ ಕಂಪ್ಯೂಟರ್ ಹೊತ್ತು ತರುತ್ತಿದ್ದರು. ಹೆಣದ ಕಾಲ ಬಳಿ ಕೂತಿದ್ದ ಶಾಂತಲಾ ಧಡಕ್ಕನೆ ಎದ್ದಳು. ಬೆಳಿಗ್ಗೆ ಎದೆನೋವೆಂದು ಮಲಗಿದ ಚಿಕ್ಕಪ್ಪ ಚೆಲುವಯ್ಯ ಮತ್ತೆ ಏಳಲಿಲ್ಲವೆಂಬ ಸುದ್ದಿ ಕೇಳಿ, ರಾವಂದೂರಿನ ಗಂಡನ ಮನೆಯಿಂದ ಓಡಿ ಬಂದಿದ್ದಳು. ಕಣ್ಣೀರು ಇನ್ನೂ ಆರಿರಲಿಲ್ಲ.

"ಎಲ್ಲಿಗೆ ಎತ್ಕೊಂಡು ಓಯ್ತಿದ್ದೀರಿ ಅದ್ನ?"

"ಎಲ್ಲಿಗೇನವ್ವ, ಅವನ ಜೊತೆಗೇ," ಎಂದರು ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದ ಊರ ಹಿರಿಯ ಸಣ್ಣಬೀರಯ್ಯ. "ನಿಮ್ಮಜ್ಜಿ ಜೊತೆ ಎಲೆಅಡಿಕೆ ಚೀಲ ಆಕ್ಲಿಲ್ವಾ? ಇವನ ಜೀವ ಇದ್ರಲ್ಲೇ ಇತ್ತು. ಇಲ್ಲೇ ಬುಟ್ರೆ ಉಡುಕ್ಕೊಂಡು ವಾಪಸ್ ಬತ್ತಾನೆ."

ಸತ್ತವರ ಇಷ್ಟದ ವಸ್ತುವನ್ನು ಅವರ ಗುಂಡಿಗೇ ಹಾಕುವುದು ಈ ಊರಿನಲ್ಲಿ ಯಾರೂ ಪ್ರಶ್ನಿಸದ ಪದ್ಧತಿ. ಚೆಲುವಯ್ಯನ ಅಣ್ಣ, ಶಾಂತಲೆಯ ಅಪ್ಪ ನಿಂಗಯ್ಯನೂ ತಲೆಯಾಡಿಸಿಬಿಟ್ಟ. ಚಿಕ್ಕಪ್ಪ ವರ್ಷಗಟ್ಟಲೆ ಕೂತು ಕಟ್ಟಿದ 'ಆನೆ ಬಂತು' ಆಟ ಆ ಯಂತ್ರ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಅದು ಮಣ್ಣು ಸೇರಿದರೆ ಮುಗಿಯಿತು, ಯಾರೂ ಆಡುವ ಹಾಗಿಲ್ಲ, ನೋಡುವ ಹಾಗೂ ಇಲ್ಲ.

ಅಡ್ಡ ನಿಲ್ಲಲು ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು. ಅವರು ಹೊತ್ತಿದ್ದುದು ಬರೀ ಮಾನಿಟರ್ರು! ಚಿತ್ರ ಕಾಣುವುದೇ ಕಂಪ್ಯೂಟರ್ ಎಂದುಕೊಂಡಿದ್ದರು ಪುಣ್ಯಾತ್ಮರು. ಆಟವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಡಬ್ಬ ಮೇಜಿನ ಕೆಳಗೆ, ಹಳೇ ಟೀವಿಗಳ ಬಿಡಿಭಾಗಗಳ ನಡುವೆ, ತನ್ನ ಪಾಡಿಗೆ ತಾನು ಕೂತಿತ್ತು.

ಶಾಂತಲೆಗೆ ನಗು ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡಳು, ಭುಜ ಕುಲುಕಿದವು. ಮಗಳು ಬಿಕ್ಕುತ್ತಿದ್ದಾಳೆಂದು ರಾಮಮ್ಮ ಬೆನ್ನು ಸವರಿದಳು.

*

ಹಂಪಾಪುರದಲ್ಲಿ ಟೀವಿ ರಿಪೇರಿ ಅಂಗಡಿ ಇಟ್ಟಿದ್ದ ಚೆಲುವಯ್ಯ ಮದುವೆಯ ಗೋಜಿಗೇ ಹೋದವನಲ್ಲ. ೧೯೯೯ರಲ್ಲಿ ಮೈಸೂರಿನಿಂದ ಹಳೇ ಕಂಪ್ಯೂಟರೊಂದನ್ನು ತಂದು, ಪುಸ್ತಕ ನೋಡಿಕೊಂಡು ತಾನೇ ಕಲಿತು, ಆಟ ಕಟ್ಟತೊಡಗಿದ. ರಾಗಿ ಹೊಲ, ಕಾವಲಿನ ಅಟ್ಟಣೆ, ಆಚೆಗೆ ಕಾಡು. ಆನೆ ಬರುತ್ತದೆ, ಓಡಿಸಬೇಕು. ಅಟ್ಟಣೆಯ ಮೇಲೆ ಸೊಟ್ಟ ರುಮಾಲಿನ ಸಣ್ಣಬೀರಯ್ಯ, ಕೆಳಗೆ ಪಂಜು ಹಿಡಿದ ನಿಂಗಯ್ಯ. ಊರವರ ಕೂಗನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ಹಿಡಿದು ತಂದು ಅದರೊಳಗೆ ತುಂಬಿದ್ದ.

ಆಡಿ ನೋಡುವ ಕೆಲಸ ಎರಡು ಜಡೆಯ ಶಾಂತಲೆಯದು. ಉದ್ದನೆಯ ಬಟನ್ ಒತ್ತಿದರೆ ತಗಡಿನ ಡಬ್ಬ ಬಡಿಯುತ್ತಿತ್ತು. ಅವಳು ಬಡಿದದ್ದೇ ಬಡಿದದ್ದು. ಬಡಿದಷ್ಟೂ ಆನೆ ಕೆರಳಿ ರಾಗಿಯನ್ನೆಲ್ಲ ಮೇಯುತ್ತಿತ್ತು.

"ಮೋಸ, ಚಿಕ್ಕಪ್ಪ!"

"ಮೋಸ ಎಲ್ಬಂತವ್ವ? ವಸಿ ಸಮಾಧಾನ ಇರ್ಬೇಕು."

"ಊರೋರೆಲ್ಲ ಅವ್ರೆ, ನಾನೊಬ್ಳೇ ಇಲ್ಲ."

"ಇದ್ದೀಯ ಕಣವ್ವ, ಎರಡನೇ ಹೊಲ್ದಲ್ಲಿ. ಗೆದ್ರೆ ಕಾಣ್ತೀಯ," ಎಂದು ನಗುತ್ತಿದ್ದ. ಅವಳು ಒಮ್ಮೆಯೂ ಗೆಲ್ಲಲಿಲ್ಲ.

ಮೈಸೂರಿನ ಕಂಪನಿಯೊಂದು ದೀಪಾವಳಿಗೆ ಬಿಡುಗಡೆ ಮಾಡುತ್ತೇವೆಂದಾಗ ಊರಿಗೆ ಊರೇ ಕುಣಿಯಿತು. ಸಣ್ಣಬೀರಯ್ಯ ಹೊಸ ರುಮಾಲು ಕೊಂಡರು. ಆಮೇಲೆ ಕಂಪನಿಯವರು ವರಸೆ ಬದಲಿಸಿದರು. ಅಟ್ಟಣೆಯವನ ಕೈಗೆ ಬಂದೂಕು ಕೊಡಿ, ಆನೆ ಸಾಯದಿದ್ದರೆ ಆಟ ಯಾರು ಕೊಳ್ಳುತ್ತಾರೆ?

"ಗಣಪತಿಗೆ ಯಾರ್ ಸಾರ್ ಗುಂಡು ಒಡೀತಾರೆ?" ಎಂದ ಚೆಲುವಯ್ಯ ಎದ್ದು ಬಸ್ಸು ಹತ್ತಿದ. ಆಟ ಅಲ್ಲಿಗೇ ನಿಂತಿತು.

"ಎಲ್ಲಿಗ್ ಬಂತ್ಲಾ ನಿನ್ನಾನೆ?" ಎಂದು ಊರವರು ಸಾಯುವವರೆಗೂ ಅವನ ಕಾಲೆಳೆದರು. "ಮೈಸೂರು ಬುಟ್ಟದೆ, ಬತ್ತದೆ," ಎನ್ನುತ್ತಿದ್ದ ಅವನೂ.

*

ತಮಟೆಯ ಸದ್ದು ತೋಟದ ಕಡೆ ಕರಗಿತು. ಹೆಂಗಸರು ಮನೆ ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಹಚ್ಚಿದರು. ಮಣ್ಣು ಮಾಡಿ ಬಂದವರು ಆ ದೀಪ ನೋಡಿಯೇ ತಮ್ಮ ಮನೆಗೆ ಹೋಗಬೇಕು. ಊರಿನವರೆಲ್ಲ ಒಟ್ಟಿಗೆ ಈ ಪಡಸಾಲೆಗೆ ಬರುವುದು ಇದೊಂದೇ ಸಲ! ಶಾಂತಲಾ ಮೇಜಿನ ಕೆಳಗಿನ ಡಬ್ಬವನ್ನು ದರದರ ಎಳೆದು, ಕೀಲಿಮಣೆಯನ್ನೂ ತಂದಳು. ಚಿಕ್ಕಪ್ಪ ತೋರಿಸಿಕೊಟ್ಟಿದ್ದ ಹಾಗೆ ಹಳದಿ ವೈರನ್ನು ಪಡಸಾಲೆಯ ಟೀವಿಗೆ ಸಿಕ್ಕಿಸಿದಳು.

"ಸಾವಿನ ಮನೇಲಿ ಟೀವಿ ಆಕ್ತೀಯೇನೇ? ಜನ ಉಗೀತಾರೆ!" ಎಂದಳು ರಾಮಮ್ಮ.

"ಟೀವಿ ಅಲ್ಲ ಕಣವ್ವ. ಚಿಕ್ಕಪ್ಪನ ಆನೆ."

ರಾಮಮ್ಮ ಸೆರಗಿನಿಂದ ಟೀವಿಯ ಧೂಳು ಒರೆಸಿದಳು. ಕರೆಂಟು ಮಾತ್ರ ಇರಲಿಲ್ಲ. ಗಂಡಸರು ಕಾಲು ತೊಳೆಯುವ ಸದ್ದು ಕೇಳಿತು. ಬಾ, ಬಾ ಎಂದು ಶಾಂತಲಾ ಬಲ್ಬನ್ನೇ ನೋಡಿದಳು. ಸಣ್ಣಬೀರಯ್ಯ ಹೊಸ್ತಿಲು ದಾಟಿ ದೀಪಕ್ಕೆ ಕೈ ಮುಗಿದರು, ತಿರುಗಿದರು. ಆಗ ಬಲ್ಬು ಹತ್ತಿಕೊಂಡಿತು. ಅವಳು ಸ್ವಿಚ್ ಒತ್ತಿ ಕಾದಳು. ಅವರು ಮೆಟ್ಟಿಲಿಳಿಯುವಷ್ಟರಲ್ಲಿ ಬೆನ್ನ ಹಿಂದಿನಿಂದ ಅವರದೇ ದನಿ ಕೂಗಿತು: "ಓಯ್! ಆನೆ ಬಂತು ಕಣ್ರಲಾ!"

ಅವರು ಬೆಚ್ಚಿಬಿದ್ದು ಒಳಗೆ ಬಂದರು. "ಇಲ್ಲೇ ಅದ್ಯಲ್ಲವ್ವ! ಅಂಗಾರೆ ನಾವ್ ಊತಿದ್ದು?"

"ಬರೀ ಗಾಜು, ತಾತ."

ಮನೆ ತುಂಬ ನಗು ಎದ್ದಿತು. ನಿಂಗಯ್ಯನೂ ಕಣ್ಣೊರೆಸಿಕೊಂಡು ನಕ್ಕ. ಅಂಗಳದಲ್ಲಿದ್ದವರೆಲ್ಲ ಒಳಗೆ ನುಗ್ಗಿದರು. "ಅಗೋ ನಿಂಗಯ್ಯ!" "ಅಯ್ಯೋ, ತಾತನ ರುಮಾಲು ನೋಡ್ರಲಾ!" ಸಣ್ಣಬೀರಯ್ಯ ದೀಪದ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಕೀಲಿಮಣೆಯನ್ನು ತೊಡೆಗೆಳೆದುಕೊಂಡರು. "ಯಾವ್ದು ಒತ್ಬೇಕು? ಯೋಳವ್ವ ಬಿರ್ನೆ!"

ಉದ್ದನೆಯ ಬಟನ್ ಒತ್ತಿ ತಗಡಿನ ಡಬ್ಬ ಬಡಿದೇ ಬಡಿದರು. "ಬಡೀರಿ ತಾತ, ಬುಡ್ಬೇಡಿ!" ಎಂದು ಊರೇ ಚೀರಿತು. ಆನೆ ರಾಗಿ ಮೇಯುತ್ತ ಮೇಯುತ್ತ ಕೊನೆಯ ಸಾಲಿಗೆ ಬಂತು. ಸೊಂಡಿಲೆತ್ತಿ ನೇರ ಎದುರಿಗೇ ನಿಂತಿತು. ಸಣ್ಣಬೀರಯ್ಯನವರಿಗೆ ಅದು ಆಟವೆಂಬುದೇ ಮರೆತುಹೋಯಿತು. ಬಟನ್ ಬಿಟ್ಟು ಎರಡೂ ಕೈ ಎತ್ತಿ ಮುಗಿದರು.

"ಓಗಪ್ಪಾ ನಮ್ಮಪ್ಪ. ಮಕ್ಳು ಉಣ್ಣೋ ಇಟ್ಟು, ಬುಟ್ಬುಡು ಸ್ವಾಮಿ."

ಡಬ್ಬದ ಸದ್ದು ನಿಂತಿತು. ಆನೆ ಎರಡು ಸಲ ಕಿವಿ ಬೀಸಿ, ನಿಧಾನವಾಗಿ ತಿರುಗಿ, ಕಾಡಿನ ಕಡೆ ನಡೆಯಿತು.

ಶಾಂತಲಾ ಟೀವಿಯ ಹತ್ತಿರಕ್ಕೆ ಮೊಣಕಾಲೂರಿ ಸರಿದಳು. ತೆರೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಯಾರೂ ಮೇಯದ, ತುಂಬಿದ ತೆನೆಯ ಹೊಸ ಹೊಲ. ನಡುವಿನ ಅಟ್ಟಣೆಯ ಮೇಲೆ ಎರಡು ಜಡೆಯ ಹುಡುಗಿಯೊಬ್ಬಳು ತಗಡಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಕಾಲು ಆಡಿಸುತ್ತ ಕೂತಿದ್ದಳು.